ಗಂಜಿಗೆ ಸೌದೆ, ಚಾಯಕ್ಕೆ ಗ್ಯಾಸು

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗ್ಯಾಸು ಅಂದರೆ ಒಂದು ಬಿಲ್ಲು, ಅಷ್ಟೇ. ಪೈಪಿನಲ್ಲಿ ಬರುತ್ತದೆ, ಮೀಟರ್ ತಿರುಗುತ್ತದೆ, ಫೋನಿನಲ್ಲಿ ದುಡ್ಡು ಕಟ್ಟಿದರೆ ಮುಗಿಯಿತು. ಪೈಪಿಲ್ಲದ ಗೆಳೆಯರ ಮನೆಯ ಕತೆಯೂ ಹೆಚ್ಚು ಬೇರೆಯಲ್ಲ. ಬುಕ್ ಮಾಡಿದರೆ, ಓಟಿಪಿ ಹೇಳಿದರೆ ಸಿಲಿಂಡರು ಲಿಫ್ಟ್ ಹತ್ತಿ ಅಡುಗೆಮನೆಗೇ ಬರುತ್ತದೆ. ಊರಿನ ನಮ್ಮನೆಯಲ್ಲಿ ಗ್ಯಾಸು ಅಂದರೆ ಮೊದಲು ನೆನಪಾಗುವುದು ಭಾರ. ಒಳಗಿನ ಗ್ಯಾಸು 14.2 ಕೆಜಿ, ಅದನ್ನು ಹೊತ್ತ ಕಬ್ಬಿಣ ಸುಮಾರು 15-16 ಕೆಜಿ. ಒಟ್ಟು ಮೂವತ್ತು ಕೆಜಿ. ನಮ್ಮಲ್ಲಿ ಸಿಲಿಂಡರಿಗೆ ಅಂಡೆ ಅಂತಲೇ ಹೆಸರು. ಆ ಅಂಡೆಯನ್ನು ಡಾಂಬರು ರಸ್ತೆಯಿಂದ ನಮ್ಮ ಜಗಲಿಯವರೆಗೆ ಯಾರು ತರುವುದು ಅನ್ನುವುದು ನಮ್ಮನೆಯ ಬಜೆಟ್ಟಿನ ದೊಡ್ಡ ಪ್ರಶ್ನೆ.

ಮನೆ ಇರುವುದು ಕಡಬದಿಂದ ಸುಬ್ರಹ್ಮಣ್ಯದ ಕಡೆಗೆ, ಮುಖ್ಯ ರಸ್ತೆ ಬಿಟ್ಟು ಒಳಗೆ. ನಾನು ಶಾಲೆಗೆ ಹೋಗುವಾಗ ನಮ್ಮದು ಪುತ್ತೂರು ತಾಲೂಕು, ಈಗ ಕಡಬ ತಾಲೂಕು. ತಾಲೂಕು ಬದಲಾದರೂ ತೋಡು ಅಲ್ಲೇ ಇದೆ. ರಸ್ತೆಗೂ ಮನೆಗೂ ನಡುವೆ ಒಂದು ತೋಡು, ಅದಕ್ಕೆ ಅಡಿಕೆ ಮರದ ಪಾಲ. ಪೇಪರಿನವರು ಅದನ್ನು ಕಾಲುಸಂಕ ಅಂತ ಬರೆಯುತ್ತಾರೆ. ತೋಡಿನ ಈಚೆ ಐದು ಮನೆ. ಗ್ಯಾಸಿನ ಗಾಡಿ ವಾರಕ್ಕೊಂದು ದಿನ ರಸ್ತೆಯ ಕಟ್ಟೆಯವರೆಗೆ ಬರುತ್ತದೆ. ಅಲ್ಲಿಂದ ಮುಂದೆ ಅಂಡೆ ನಮ್ಮದು, ಭಾರವೂ ನಮ್ಮದು. ಬೇಸಿಗೆಯಲ್ಲಿ ತೋಡು ಒಣಗಿದಾಗ ಗದ್ದೆಯ ಬದಿಯಿಂದ ಸುತ್ತಿ ಗಾಡಿಯೊಂದು ಹೇಗೋ ಬಂದೀತು. ಮಳೆಗಾಲದಲ್ಲಿ ಪಾಲವೊಂದೇ ದಾರಿ.

ಮಂಗಳೂರಿನ ಧಕ್ಕೆಯಲ್ಲಿ ಬೋಟಿಗೆ ಹೋಗುವ ಒಬ್ಬ ಪರಿಚಯದವನಿದ್ದಾನೆ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ವಾರ, ಹತ್ತು ದಿನ ದಡ ಕಾಣುವುದಿಲ್ಲ. ಹೊರಡುವ ಮೊದಲು ಡೀಸೆಲ್, ಐಸು, ಕುಡಿಯುವ ನೀರು, ಅಕ್ಕಿಯ ಜೊತೆ ಗ್ಯಾಸಿನ ಅಂಡೆಯನ್ನೂ ಏರಿಸುತ್ತಾರೆ. "ನಡುನೀರಲ್ಲಿ ಗ್ಯಾಸ್ ಮುಗಿದ್ರೆ ಅಂಗಡಿ ಎಲ್ಲುಂಟು ಮಾರಾಯ, ಅದಕ್ಕೆ ಯಾವಾಗ್ಲೂ ಒಂದು ತುಂಬಿದ್ದು ಮಿಕ್ಕೇ ಇರ್ಬೇಕು" ಅಂತ ಅವನ ಮಾತು. ನನಗೆ ತಕ್ಷಣ ನಮ್ಮನೆ ಕಣ್ಣಮುಂದೆ ಬಂತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಟ್ರಾಲಿಂಗ್ ನಿಷೇಧ. ಅವನ ಬೋಟು ದಡ ಸೇರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮನೆ ನೀರಿಗಿಳಿಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಜಿಲ್ಲೆಯಿದು. ಉಪ್ಪಿನಂಗಡಿಯಿಂದ ಕಡಬಕ್ಕೆ ಬರುವ ದಾರಿಯಲ್ಲಿ ಹೊಸ್ಮಠದ ಹಳೆಯ ಮುಳುಗು ಸೇತುವೆಯ ಮೇಲೆ ಗುಂಡ್ಯ ಹೊಳೆ ಹರಿದು ಬಸ್ಸುಗಳೆಲ್ಲ ಎರಡೂ ಕಡೆ ನಿಂತಿರುತ್ತಿದ್ದ ದಿನಗಳು ನನ್ನ ವಯಸ್ಸಿನವರಿಗೆಲ್ಲ ಗೊತ್ತು. ಈಗ ಅಲ್ಲಿ ಎತ್ತರದ ಹೊಸ ಸೇತುವೆ ಆಗಿದೆ. ಆದರೆ ನಮ್ಮ ತೋಡಿನಂಥ ತೋಡುಗಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಹಾಗಾಗಿ ಪತ್ತನಾಜೆಗೆ ಮೊದಲು ನಮ್ಮನೆಯಲ್ಲಿ ಬೋಟಿನ ತಯಾರಿ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನದವರು ಗೆಜ್ಜೆ ಬಿಚ್ಚುತ್ತಾರೆ, ಅಷ್ಟರೊಳಗೆ ನಮ್ಮ ಎರಡೂ ಅಂಡೆ ತುಂಬಿರಬೇಕು. ಸೌದೆ ಕೊಟ್ಟಿಗೆಯಲ್ಲಿ ಸೌದೆ ಮಾಡಿನವರೆಗೆ ಏರಿರಬೇಕು. ತೆಂಗಿನ ಕೊತ್ತಳಿಗೆ, ಗೆರಟೆ, ಅಡಿಕೆ ಸಿಪ್ಪೆ ಎಲ್ಲದಕ್ಕೂ ಬೇರೆ ಬೇರೆ ಮೂಲೆ. ಇದೆಲ್ಲ ಅಮ್ಮನ ಡಿಪಾರ್ಟ್‌ಮೆಂಟು. ನಾನು ಆಫೀಸಿನಲ್ಲಿ ದಿನವಿಡೀ ಬ್ಯಾಕಪ್, ಫೇಲ್‌ಓವರ್ ಅಂತ ಮಾತಾಡುವವನು. ಒಂದು ನಿಂತರೆ ಇನ್ನೊಂದು ಓಡಬೇಕು ಅನ್ನುವ ಪಾಠವನ್ನು ಅಮ್ಮ ನನಗಿಂತ ಮೊದಲೇ, ಲ್ಯಾಪ್‌ಟಾಪಿಲ್ಲದೆ ಕಲಿತಿದ್ದಾಳೆ.

ಮೊದಲು ಹೀಗಿರಲಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಗ್ಯಾಸು ಹಟ್ಟಿಯ ಹಿಂದೆಯೇ ಹುಟ್ಟುತ್ತಿತ್ತು. ಗೋಬರ್ ಗ್ಯಾಸು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 1960ರ ದಶಕದಲ್ಲೇ ಕಬ್ಬಿಣದ ತೇಲುವ ಡ್ರಮ್ಮಿನ ಮಾದರಿಯನ್ನು ಹಳ್ಳಿಗಳಿಗೆ ಒಯ್ದಿತ್ತು. 1984ರಲ್ಲಿ ದೀನಬಂಧು ಅನ್ನುವ, ಇಟ್ಟಿಗೆಯ ಗುಮ್ಮಟದ ಅಗ್ಗದ ಮಾದರಿ ಬಂತು. ಸರಕಾರದ ಸಹಾಯಧನವೂ ಇತ್ತು. ಅಪ್ಪ ಕಟ್ಟಿಸಿದ್ದು ಈ ಗುಮ್ಮಟದ್ದು. ನಾಲ್ಕು ದನ, ದಿನಕ್ಕೆ ನಲವತ್ತೈದು ಐವತ್ತು ಕೆಜಿ ಸೆಗಣಿ, ಅಷ್ಟೇ ನೀರು. ಬೆಳಿಗ್ಗೆ ಸೆಗಣಿ ಕಲಸುವುದು ನಮ್ಮ ಮಕ್ಕಳ ಪಾಳಿ.

ಅದರ ಲೆಕ್ಕ ಚಂದ. ಇಪ್ಪತ್ತೈದು ಕೆಜಿ ಸೆಗಣಿಗೆ ಸುಮಾರು ಒಂದು ಘನ ಮೀಟರ್ ಗ್ಯಾಸು. ಒಂದು ಘನ ಮೀಟರ್ ಗೋಬರ್ ಗ್ಯಾಸು ಕೆಲಸದಲ್ಲಿ ಹತ್ತಿರಹತ್ತಿರ 450 ಗ್ರಾಂ ಎಲ್‌ಪಿಜಿಗೆ ಸಮ. ಅಂದರೆ ನಾಲ್ಕು ದನಗಳು ದಿನಕ್ಕೆ 800-900 ಗ್ರಾಂ ಎಲ್‌ಪಿಜಿಯಷ್ಟು ಕೊಡುತ್ತಿದ್ದವು, ತಿಂಗಳಿಗೆ ಸುಮಾರು ಎರಡು ಅಂಡೆ. ಗ್ಯಾಸು ತೆಗೆದು ಉಳಿದ ಸ್ಲರಿ ಅಡಿಕೆ ಬುಡಕ್ಕೆ. ಬುಕಿಂಗ್ ಇಲ್ಲ, ಗಾಡಿ ಇಲ್ಲ, ಪಾಲ ದಾಟುವ ಪ್ರಶ್ನೆಯೇ ಇಲ್ಲ. ಆಟಿ ತಿಂಗಳ ಚಳಿಗೆ ಗ್ಯಾಸು ಸ್ವಲ್ಪ ಮಂಕಾಗುತ್ತಿತ್ತು ಅನ್ನುವುದೊಂದೇ ದೂರು. 2012ರ ಸೆಪ್ಟೆಂಬರಿನಲ್ಲಿ ಸರಕಾರ ವರ್ಷಕ್ಕೆ ಆರೇ ಸಬ್ಸಿಡಿ ಸಿಲಿಂಡರು ಅಂದಾಗ, ಆಮೇಲೆ ಅದು ಒಂಬತ್ತಾಗಿ, 2014ರಲ್ಲಿ ಹನ್ನೆರಡಾದಾಗ ದೇಶವೆಲ್ಲ ಅದೇ ಮಾತು. ನಮ್ಮನೆಯಲ್ಲಿ ಅಮ್ಮ ಕೇಳಿದ್ದು, "ಹನ್ನೆರಡು ಅಂಡೆ ಯಾರು ಉರಿಸುದು ವರ್ಷಕ್ಕೆ?"

ಈಗ ಹಟ್ಟಿ ಖಾಲಿ. ಅಮ್ಮನ ಮೊಣಕಾಲು ಹಾಲು ಕರೆಯಲು ಕೂರಲು ಬಿಡಲಿಲ್ಲ, ಹುಲ್ಲು ಕೊಯ್ಯಲು ಜನ ಸಿಗಲಿಲ್ಲ, ನಾವು ಮಕ್ಕಳಿಬ್ಬರೂ ಊರಲ್ಲಿಲ್ಲ. ಒಂದೊಂದಾಗಿ ದನ ಕೊಟ್ಟು ಹೋದ ವರ್ಷ ದೀಪಾವಳಿಯ ಹೊತ್ತಿಗೆ ಕೊನೆಯದೂ ಹೋಯಿತು. ಗುಮ್ಮಟ ಅಲ್ಲೇ ಇದೆ, ಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಹಟ್ಟಿ ಖಾಲಿಯಾದ ದಿನವೇ ನಮ್ಮನೆಯ ಗ್ಯಾಸು ತೋಡಿನ ಆಚೆ ಹೋಯಿತು ಅನ್ನುವುದು ನಮಗೆಲ್ಲ ತಿಳಿದದ್ದು ಈ ಮಳೆಗಾಲದಲ್ಲಿ.

ಸಾಫ್ಟ್‌ವೇರಿನವನಾದ್ದರಿಂದ ನಾನೊಂದು ಸ್ಪ್ರೆಡ್‌ಶೀಟ್ ಮಾಡಿದ್ದೇನೆ. ಅದರ ಮೂಲ ದಾಖಲೆ ಅಮ್ಮನ ಗೋಡೆ ಕ್ಯಾಲೆಂಡರು. ಹೊಸ ಅಂಡೆ ಜೋಡಿಸಿದ ದಿನಕ್ಕೆ ಅವಳು ಪೆನ್ನಿನಲ್ಲಿ 'ಗ್ಯಾ' ಅಂತ ಬರೆಯುತ್ತಾಳೆ. ಎರಡನೆಯ ದಾಖಲೆ ಅಪ್ಪನ ತೂಕದ ಯಂತ್ರ. ಅಡಿಕೆ ತೂಗುವ ಯಂತ್ರದಲ್ಲೇ ಅವರು ಆಗಾಗ ಅಂಡೆ ಇಟ್ಟು ನೋಡುತ್ತಾರೆ. ಖಾಲಿ ಅಂಡೆಯ ತೂಕ ಅದರ ಮೇಲೆಯೇ ಅಚ್ಚಾಗಿರುತ್ತದೆ, ಅದನ್ನು ಕಳೆದರೆ ಎಷ್ಟು ಉಳಿದಿದೆ ಅಂತ ಗೊತ್ತಾಯಿತು. ನಗರದಲ್ಲಿ ಅಡಿಕೆ ಯಂತ್ರ ಇಲ್ಲದವರಿಗೆ ಅಮ್ಮನ ಉಪಾಯ ಹೇಳುತ್ತೇನೆ. ಒದ್ದೆ ಬಟ್ಟೆಯಲ್ಲಿ ಸಿಲಿಂಡರನ್ನು ಒರೆಸಿ ಸ್ವಲ್ಪ ಹೊತ್ತು ಬಿಡಿ. ಒಳಗೆ ದ್ರವ ಇರುವಷ್ಟು ಎತ್ತರಕ್ಕೆ ಪಸೆ ನಿಧಾನ ಆರುತ್ತದೆ, ಮೇಲಿನ ಭಾಗ ಬೇಗ ಒಣಗುತ್ತದೆ. ಗೆರೆ ಕಣ್ಣಿಗೇ ಕಾಣುತ್ತದೆ.

ಈ ಎರಡು ದಾಖಲೆಗಳಿಂದ ತಿಳಿದ ಮೊದಲ ಸಂಗತಿ, ನಮ್ಮ ಗ್ಯಾಸು ತಿನ್ನುವುದು ಕುಚ್ಚಲಕ್ಕಿ. ಬೆಳ್ತಿಗೆ ಅಕ್ಕಿಯ ಹಾಗೆ ಅದು ಎರಡು ವಿಸಿಲಿಗೆ ಬಗ್ಗುವುದಿಲ್ಲ. ತೆರೆದ ಪಾತ್ರೆಯಲ್ಲಿ ಒಂದು ಗಂಟೆ ಕುದಿಯಬೇಕು. ದೊಡ್ಡ ಬರ್ನರ್ ಒಂದು ಗಂಟೆ ಉರಿದರೆ 150ರಿಂದ 200 ಗ್ರಾಂ ಗ್ಯಾಸು. ದಿನಕ್ಕೊಮ್ಮೆ ಅಂದುಕೊಂಡರೂ ತಿಂಗಳಿಗೆ ಐದು ಕೆಜಿ, ಅಂದರೆ ಅಂಡೆಯ ಮೂರನೆಯ ಒಂದು ಪಾಲು ಬರೀ ಅನ್ನಕ್ಕೆ. ನಾನು ಇದನ್ನು ಗ್ರಾಫ್ ಮಾಡಿ ತೋರಿಸಿದಾಗ ಅಮ್ಮ ಕನ್ನಡಕ ಹಾಕಿ ನೋಡಿ ಹೇಳಿದಳು, "ಗಂಜಿಗೆ ಸೌದೆ, ಚಾಯಕ್ಕೆ ಗ್ಯಾಸು. ಇದಕ್ಕೆ ಕಂಪ್ಯೂಟರ್ ಎಂತಕ್ಕೆ ಮಗಾ?"

ನಿಜ, ಅವಳ ನಿಯಮದ ಮೇಲೆಯೇ ಮನೆ ನಡೆದದ್ದು. ಹೆಚ್ಚು ಹೊತ್ತು ಬೇಯುವುದಕ್ಕೆಲ್ಲ ಸೌದೆ: ಗಂಜಿ, ಕಡುಬು, ಪತ್ರೊಡೆ, ಹಂಡೆಯ ಬಿಸಿನೀರು. ಅವಸರದ್ದಕ್ಕೆ ಗ್ಯಾಸು: ಚಾಯ, ನೀರುದೋಸೆ, ಒಗ್ಗರಣೆ, ರಾತ್ರಿ ಬಂದ ನೆಂಟರು. ತೋಟದವರಿಗೆ ಸೌದೆಗೆ ದುಡ್ಡು ಕೊಡಬೇಕಿಲ್ಲ, ಸೋಗೆ ತಾನೇ ಬೀಳುತ್ತದೆ. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಒಂದು ಅಂಡೆ ಎರಡು ಮೂರು ತಿಂಗಳು ಬಾಳುವುದು ಹೀಗೆ. ಕ್ಯಾಲೆಂಡರಿನ 'ಗ್ಯಾ'ಗಳ ನಡುವಿನ ಅಂತರ ಬೇಸಿಗೆಯಲ್ಲಿ ಎಪ್ಪತ್ತು ದಿನ ದಾಟುತ್ತದೆ. ಮಳೆಗಾಲದಲ್ಲಿ ಸೌದೆ ಥಂಡಿ ಹಿಡಿದಾಗ ನಲವತ್ತೈದಕ್ಕೆ ಇಳಿಯುತ್ತದೆ.

ಎರಡನೆಯ ಸಂಗತಿ ಆ ಥಂಡಿ ಸೌದೆಯದ್ದು. ಅದು ಉರಿಯುವುದಿಲ್ಲ, ಹೊಗೆಯುತ್ತದೆ. ಅಡುಗೆಮನೆಯ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಜುಲೈಯಲ್ಲಿ ಅಮ್ಮನ ಕೆಮ್ಮು ರಾತ್ರಿ ಮೂರು ಗಂಟೆಗೆ ಫೋನಿನ ಆಚೆಯಿಂದ ಕೇಳಿದವನಿಗೆ ಆ 32 ಲಕ್ಷ ಬರೀ ಅಂಕಿಯಾಗಿ ಉಳಿಯುವುದಿಲ್ಲ. ಪುತ್ತೂರಿನಲ್ಲಿ ಡಾಕ್ಟರಿಗೆ ತೋರಿಸಿದ್ದಾಯಿತು. ಪರೀಕ್ಷೆ ಮಾಡಿ, ಪಂಪು ಕೊಟ್ಟು, ಅವರು ಹೇಳಿದ್ದು ಒಂದೇ ಮಾತು: "ಹೊಗೆ ಬಿಡಿ ಅಮ್ಮ." ಸೌದೆ ಬಿಟ್ಟರೆ ಅಂಡೆ ಹೆಚ್ಚು ಬೇಕು. ಅಂಡೆ ಹೆಚ್ಚು ಬೇಕಾದರೆ ಅದನ್ನು ಪಾಲ ದಾಟಿಸಬೇಕು. ಪಾಲ ದಾಟಿಸುವವರು ಎಪ್ಪತ್ತೊಂದು ವರ್ಷದ ಅಪ್ಪ.

ಗ್ಯಾಸಿನ ರೇಟಿನ ಬಗ್ಗೆ ನಾವು ನಗರದಲ್ಲಿ ಬಹಳ ಮಾತಾಡುತ್ತೇವೆ. ದೆಹಲಿಯ ರೇಟನ್ನೇ ಹಿಡಿದರೆ 2023ರ ಮಾರ್ಚಿನಲ್ಲಿ 1,103 ರೂಪಾಯಿ ಮುಟ್ಟಿತ್ತು. ಆ ವರ್ಷ ಆಗಸ್ಟ್ ಕೊನೆಗೆ 200 ಇಳಿಯಿತು, 2024ರ ಮಾರ್ಚಿನಲ್ಲಿ ಇನ್ನೂ 100 ಇಳಿಯಿತು, 2025ರ ಏಪ್ರಿಲಿನಲ್ಲಿ 50 ಏರಿತು. ಈ ಏರಿಳಿತವೆಲ್ಲ ನನ್ನ ಶೀಟಿನ ಒಂದು ಕಾಲಮ್ಮಿನಲ್ಲಿದೆ. ಪಕ್ಕದ ಕಾಲಮ್ಮಿನಲ್ಲಿ ಅಮ್ಮ ಹೇಳಿ ಬರೆಸಿದ್ದಿದೆ: ಗಾಡಿ ತಪ್ಪಿದ ವಾರ ಪೇಟೆಯಿಂದ ತಂದ ಆಟೋಕ್ಕೆ 250, ಪಾಲ ದಾಟಿಸಿದ ಆಳಿಗೆ 100, ಆಳು ಸಿಗದ ದಿನ ಅಪ್ಪನ ಸೊಂಟಕ್ಕೆ ಹಚ್ಚಿದ ಎಣ್ಣೆ. ಕೊನೆಯದಕ್ಕೆ ಎಷ್ಟು ಬರೆಯಲಿ ಅಂತ ಕೇಳಿದೆ. "ಅದಕ್ಕೆ ಸಬ್ಸಿಡಿ ಉಂಟಾ ಕೇಳು" ಅಂದಳು.

2016ರ ಮೇ 1ರಂದು ಉಜ್ವಲ ಯೋಜನೆ ಶುರುವಾದ ಮೇಲೆ ಹತ್ತು ಕೋಟಿಗೂ ಹೆಚ್ಚು ಮನೆಗಳಿಗೆ ಹೊಸ ಕನೆಕ್ಷನ್ ಹೋಗಿದೆ. ದೊಡ್ಡ ಕೆಲಸವೇ. ಆದರೆ "ಕನೆಕ್ಷನ್ ಇದ್ದೂ ಹಳ್ಳಿಯವರು ಯಾಕಿನ್ನೂ ಸೌದೆ ಉರಿಸುತ್ತಾರೆ?" ಅಂತ ಆಫೀಸಿನ ಕ್ಯಾಂಟೀನಿನಲ್ಲಿ ಯಾರಾದರೂ ಕೇಳಿದರೆ ನಾನು ರೇಟಿನ ಮಾತಿಗೆ ಮೊದಲು ಮೂವತ್ತು ಕೆಜಿಯ ಮಾತು ಹೇಳುತ್ತೇನೆ. ತಮಾಷೆ ಅಂದರೆ ಗ್ಯಾಸು ನಮ್ಮ ಜಿಲ್ಲೆಗೆ ದೂರದ್ದಲ್ಲ. ಮಂಗಳೂರು ಬಂದರಿನಲ್ಲಿ ಹಡಗಿನಿಂದ ಇಳಿಯುತ್ತದೆ. ಬುಲೆಟ್ ಟ್ಯಾಂಕರುಗಳು ಉಪ್ಪಿನಂಗಡಿ, ನೆಲ್ಯಾಡಿ ದಾಟಿ ಶಿರಾಡಿ ಘಾಟಿ ಹತ್ತುತ್ತವೆ. ಮಂಗಳೂರಿನಿಂದ ಹಾಸನ, ಮೈಸೂರು, ಬೆಂಗಳೂರಿಗೆ ನೆಲದಡಿಯ ಪೈಪೂ ಇದೆ. 2013ರ ಏಪ್ರಿಲ್ 9ರಂದು ಪೆರ್ನೆಯಲ್ಲಿ ಟ್ಯಾಂಕರೊಂದು ಉರುಳಿ ಬೆಂಕಿ ಹತ್ತಿ ರಸ್ತೆಬದಿಯ ಮನೆಗಳು ಸುಟ್ಟವು, ಹಲವರು ಜೀವ ಕಳೆದುಕೊಂಡರು. ಆ ದಿನದಿಂದ ಅಮ್ಮ ರಾತ್ರಿ ಮಲಗುವ ಮೊದಲು ರೆಗ್ಯುಲೇಟರ್ ತಿರುಗಿಸಿದ್ದನ್ನು ಎರಡು ಸಲ ನೋಡುತ್ತಾಳೆ. ಘಟ್ಟದ ಮೇಲಿನವರ ಗ್ಯಾಸು ನಮ್ಮ ಕಾಲಬುಡದಲ್ಲೇ ಹಾದುಹೋಗುತ್ತದೆ. ನಮ್ಮದು ಕಟ್ಟೆಯಲ್ಲಿ ಇಳಿದು ನಮ್ಮನ್ನು ಕಾಯುತ್ತದೆ.

ಕರೆಂಟು ಒಲೆ ತರಬಾರದಾ ಅಂತ ನೀವು ಕೇಳಬಹುದು. ತಂದಿದ್ದೇವೆ. ಒಂದು ಅಂಡೆ ಗ್ಯಾಸಿನ ಅಡುಗೆಯನ್ನು ಇಂಡಕ್ಷನ್ನಿನಲ್ಲಿ ಮಾಡಿದರೆ ಸುಮಾರು 130ರಿಂದ 140 ಯೂನಿಟ್ ಬೇಕು. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ಉಚಿತ ಅಂತ ಹೇಳುತ್ತಾರಷ್ಟೆ. ನಿಮ್ಮ ಪಾಲು ಮಾತ್ರ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟೇ. ಹಿಂದೆ ಕಡಿಮೆ ಉರಿಸಿದವರಿಗೆ ಉಚಿತವೂ ಕಡಿಮೆ, ಮಿಕ್ಕಿದ್ದಕ್ಕೆ ದುಡ್ಡು. ಆದರೂ ಲೆಕ್ಕ ಗ್ಯಾಸಿಗಿಂತ ತುಟ್ಟಿಯೇನಲ್ಲ, ಕರೆಂಟಿಗೆ ಪಾಲ ದಾಟಲು ಆಳು ಬೇಡ. ತೊಂದರೆ ಒಂದೇ. ಆಟಿಯ ಗಾಳಿಮಳೆಗೆ ತಂತಿಯ ಮೇಲೆ ಮರ ಬೀಳುತ್ತದೆ. ಪಾಲದ ಮೇಲೆ ನೀರು ಬಂದ ದಿನವೇ ಕರೆಂಟೂ ಇರುವುದಿಲ್ಲ. ಎರಡು ವ್ಯವಸ್ಥೆ ಒಟ್ಟಿಗೇ ಬೀಳುವುದಾದರೆ ಅದನ್ನು ಬ್ಯಾಕಪ್ ಅನ್ನುವುದಿಲ್ಲ ಅಂತ ನಮ್ಮ ಕೆಲಸದಲ್ಲಿ ಜೂನಿಯರುಗಳಿಗೆ ಹೇಳಿಕೊಡುತ್ತೇವೆ.

ಸುಳ್ಯದಲ್ಲಿ ಬಿಇ ಓದುವಾಗ ನಾವು ನಾಲ್ವರು ರೂಮಿನಲ್ಲಿ ಐದು ಕೆಜಿಯ ಸಣ್ಣ ಅಂಡೆ ಇಟ್ಟುಕೊಂಡಿದ್ದೆವು. ತುಂಬಿದ್ದನ್ನೂ ಒಂದೇ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆವು. ಈಗ ಅದು ನೆನಪಾಗಿ ಊರಿಗೂ ಅಂಥದ್ದೇ ಒಂದು ತರಿಸಿದ್ದೇನೆ. ಒಳಗೆ ಎಷ್ಟು ಗ್ಯಾಸಿದೆ ಅಂತ ಹೊರಗಿನಿಂದಲೇ ಕಾಣುವ, ಕಬ್ಬಿಣವಲ್ಲದ ಹಗುರ ಸಿಲಿಂಡರುಗಳು 2021ರಿಂದ ಬಂದಿವೆ, ನಾವು ವಿಚಾರಿಸಿದಾಗ ನಮ್ಮ ಕಡೆ ಸಿಗಲಿಲ್ಲ. ಇನ್ನೊಂದು, ಪುತ್ತೂರಿನಿಂದ ತಂದ ಶಾಖ ಹಿಡಿದಿಡುವ ಡಬ್ಬ. ಕುಚ್ಚಲಕ್ಕಿಯನ್ನು ಹದಿನೈದು ನಿಮಿಷ ಕುದಿಸಿ ಪಾತ್ರೆ ಸಮೇತ ಅದರೊಳಗೆ ಮುಚ್ಚಿಟ್ಟರೆ ಒಂದೂವರೆ ಗಂಟೆಯಲ್ಲಿ ತಾನೇ ಬೇಯುತ್ತದೆ. ಕರಾವಳಿಯ ಎಷ್ಟೋ ಮನೆಗಳಲ್ಲಿರುವ ವಸ್ತು ಇದು. ಅಮ್ಮ ಮೊದಮೊದಲು "ಅದರಲ್ಲಿ ಗಂಜಿಗೆ ರುಚಿ ಬರುದಿಲ್ಲ" ಅಂದಳು. ಈಗ ಮಳೆಗಾಲಕ್ಕೆ ಒಪ್ಪಿದ್ದಾಳೆ, ಬೇಸಿಗೆಗೆ ಇಲ್ಲ. ಜುಲೈಯ ಕೆಮ್ಮು ಈ ವರ್ಷ ಸ್ವಲ್ಪ ಕಡಿಮೆ. ಪಂಪಿನಿಂದಲೋ ಡಬ್ಬದಿಂದಲೋ ಅಂತ ಬಿಡಿಸಿ ನೋಡುವ ಹಟ ನನಗಿಲ್ಲ.

"ಎಲ್ಲ ಬಿಟ್ಟು ಬೆಂಗಳೂರಿಗೇ ಬನ್ನಿ" ಅಂತಲೂ ಹೇಳಿದ್ದೇನೆ. ಅಪ್ಪ ಮಾತಾಡಲಿಲ್ಲ. ಅಮ್ಮ ಬಂದು ಹದಿನೈದು ದಿನ ಇದ್ದು, ಪೈಪಿನ ಗ್ಯಾಸು ನೋಡಿ, "ಒಳ್ಳೆದುಂಟು" ಅಂದಳು. ಆಮೇಲೆ ಬಾಲ್ಕನಿಯಲ್ಲಿ ನಿಂತು, "ಇಲ್ಲಿ ಬಿದ್ದ ಸೋಗೆ ಎಂತ ಮಾಡ್ತಾರೆ?" ಅಂತ ಕೇಳಿದಳು. ಇಲ್ಲಿ ಸೋಗೆಯೇ ಬೀಳುವುದಿಲ್ಲ ಅಮ್ಮ ಅಂದೆ.

ಸದ್ಯಕ್ಕೆ ನಡೆದಿರುವ ಏರ್ಪಾಡು ಬೋಟಿನವನ ಮಾತಿನಿಂದ ಹುಟ್ಟಿದ್ದು. ತೋಡಿನ ಈಚೆಯ ಐದು ಮನೆಗಳಲ್ಲಿ ಒಟ್ಟು ಒಂಬತ್ತು ಅಂಡೆಗಳಿವೆ. ಪ್ರತಿ ಮನೆಯೂ ಬೇರೆ ಬೇರೆ ಬೋಟಾಗುವುದರ ಬದಲು ಐದೂ ಸೇರಿ ಒಂದೇ ಬೋಟು ಅಂತ ಮಾಡಿಕೊಂಡಿದ್ದೇವೆ. ಯಾರದೇ ಆಗಲಿ, ತೋಡಿನ ಈಚೆ ಯಾವಾಗಲೂ ಕನಿಷ್ಠ ಎರಡು ತುಂಬಿದ ಅಂಡೆ ಇರಲೇಬೇಕು. ಖಾಲಿಯಾದವರು ಅದನ್ನು ತೆಗೆದುಕೊಂಡು ತಮ್ಮದು ಬಂದಾಗ ಹಿಂದೆ ಕೊಡಬೇಕು. ಲೆಕ್ಕ ವಾಟ್ಸಾಪ್ ಗುಂಪಿನಲ್ಲಿ ಇರುತ್ತದೆ, ಬೆಂಗಳೂರಿನಿಂದ ನೋಡಿಕೊಳ್ಳುವವನು ನಾನು. ಕಟ್ಟೆಯಿಂದ ತೋಡಿನವರೆಗೆ ನೆರೆಮನೆಯ ಹುಡುಗ ಅಡಿಕೆ ಸಾಗಿಸುವ ಮೋಟೋಕಾರ್ಟಿನಲ್ಲಿ ತರುತ್ತಾನೆ, ಪಾಲವನ್ನು ಹೆಗಲ ಮೇಲೆ ದಾಟಿಸುತ್ತಾನೆ. ಅಂಡೆಗೆ ನೂರು ರೂಪಾಯಿ. ಈ ಮಳೆಗಾಲ ಒಂದು ದಿನವೂ ಯಾರ ಮನೆಯಲ್ಲೂ ಚಾಯಕ್ಕೆ ತೊಂದರೆಯಾಗಲಿಲ್ಲ. ಐದು ಮನೆಯ ಹಿರಿಯರಲ್ಲಿ ಯಾರೂ ಅಂಡೆ ಎತ್ತಲಿಲ್ಲ.

ಆ ಹುಡುಗ ಹೋದ ತಿಂಗಳು ಡಿಪ್ಲೊಮಾ ಮುಗಿಸಿದ. ಮೊನ್ನೆ ಫೋನು ಮಾಡಿ, "ಅಣ್ಣಾ, ನಿಮ್ಮ ಕಂಪೆನಿಯಲ್ಲಿ ಏನಾದ್ರೂ ಉಂಟಾ?" ಅಂತ ಕೇಳಿದ. ರೆಸ್ಯೂಮೆ ಕಳಿಸು ಅಂದಿದ್ದೇನೆ. ಚೆನ್ನಾಗಿದೆ, ಕೆಲಸ ಆಗುತ್ತದೆ. ಅವನು ಹೊರಟ ಮೇಲೆ ಐದು ಮನೆಗಳಲ್ಲಿ ಮೂವತ್ತು ಕೆಜಿ ಎತ್ತಬಲ್ಲವರಲ್ಲಿ ಎಲ್ಲರಿಗಿಂತ ಚಿಕ್ಕವರ ವಯಸ್ಸು ಐವತ್ತೆರಡು.